ದೊಡ್ಡಪ್ಪನ ಅಡ್ವೆಂಟ್ ಸ್ಪೀಕರ್: ರಿಪೇರಿ ಮಾಡಿ ಮಾರೋದಾ, ಹಾಗೇ ಕೊಟ್ಟುಬಿಡೋದಾ?

ಸರಸ್ವತಿಪುರಂ ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ದೊಡ್ಡಪ್ಪ ಬಾಸ್ಟನ್ನಿನಲ್ಲಿ ಓದಿ, ಕೆಲವು ವರ್ಷ ಅಲ್ಲೇ ಕೆಲಸ ಮಾಡಿ, 1981ರಲ್ಲಿ ಮೈಸೂರಿಗೆ ವಾಪಸ್ ಬಂದರು. ಹಡಗಿನಲ್ಲಿ ಬಂದ ಸಾಮಾನಿನ ಜೊತೆ ಅಡ್ವೆಂಟ್ ಅನ್ನೋ ಅಮೆರಿಕದ ಕಂಪನಿಯ ಒಂದು ಜೋಡಿ ಸ್ಪೀಕರ್ ಕೂಡ ಬಂತು. ಎರಡಡಿಗಿಂತ ಸ್ವಲ್ಪ ಎತ್ತರ, ವಾಲ್ನಟ್ ಮರದ ಹೊದಿಕೆ. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ದೊಡ್ಡಪ್ಪ ತೀರಿಕೊಂಡು ಆರು ವರ್ಷ ಆಯಿತು. ಈಗ ದೊಡ್ಡಮ್ಮ ಮನೆ ಖಾಲಿ ಮಾಡಿ ಮಗಳ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾರೆ. "ಅದಕ್ಕೊಂದು ಗತಿ ಕಾಣಿಸು, ಗುಜರಿಗೆ ಮಾತ್ರ ಹಾಕಬೇಡ" ಅಂತ ನನ್ನ ತಲೆಗೆ ಕಟ್ಟಿದ್ದಾರೆ.

ಮುಂದಿನ ಬಟ್ಟೆ ತೆಗೆದು ನೋಡಿದೆ. ವೂಫರ್ (ತಗ್ಗು ಸದ್ದು ಕೊಡೋ ದೊಡ್ಡ ಭಾಗ) ಅಂಚಿನ ಫೋಮ್ ಮುಕ್ಕಾಲು ಪಾಲು ಇಲ್ಲವೇ ಇಲ್ಲ. ಉಳಿದಿದ್ದು ಬೆರಳಿಗೆ ಹಳೇ ಬೆಲ್ಲದ ಹಾಗೆ ಅಂಟಿಕೊಂಡಿತು. ಎಡಗಡೆ ಪೆಟ್ಟಿಗೆಯ ಟ್ವೀಟರ್ (ಏರು ಸದ್ದು ಕೊಡೋ ಸಣ್ಣ ಭಾಗ) ಮಾತೇ ಆಡುತ್ತಿಲ್ಲ. ಒಂದರ ಮೇಲೆ ದೊಡ್ಡಮ್ಮ ವರ್ಷಗಟ್ಟಲೆ ಮನಿ ಪ್ಲಾಂಟ್ ಕುಂಡ ಇಟ್ಟಿದ್ದರು. ಅಲ್ಲಿ ಬಳೆಯ ಹಾಗೆ ಕಪ್ಪು ಕಲೆ ಬಿದ್ದಿದೆ.

ಇಲ್ಲಿನ ಒಂದು ಅಂಗಡಿಯವರು "ಎರಡೂ ವೂಫರ್ ಬಿಸಾಕಿ, ಹೊಸದು ಹಾಕಿಕೊಡ್ತೀನಿ, 3,000, ಬೇಸ್ ಸಖತ್ತಾಗಿ ಬರುತ್ತೆ" ಅಂದರು. ಆ್ಯಪಿನಲ್ಲಿ ಫೋಟೋ ಹಾಕಿದ ಹತ್ತೇ ನಿಮಿಷಕ್ಕೆ ಒಬ್ಬರು ಹಾಗೇ 8,000ಕ್ಕೆ ಕೇಳಿದರು. ಏನು ಮಾಡಲಿ?

ಗುಜರಿ ಗುಂಡ
ನಾನು 8,500 ಕೊಡ್ತೀನಿ. ಚರ್ಚೆ ಇಲ್ಲಿಗೆ ಮುಕ್ತಾಯ.

ಹಳೇ ವಾಲ್ವ್
ಹತ್ತು ನಿಮಿಷದಲ್ಲಿ 8,000 ಅಂದವನಿಗೆ ಅದರ ಬೆಲೆ ಗೊತ್ತು, ನಿಮಗೆ ಗೊತ್ತಿಲ್ಲ. ಅಷ್ಟು ಅರ್ಥ ಮಾಡ್ಕೊಳ್ಳಿ.

ವೂಫರ್ ಬಿಸಾಡೋ ಮಾತು ಬೇಡವೇ ಬೇಡ. ಫೋಮ್ ಅನ್ನೋದು ಸೈಕಲ್ ಟೈರ್ ಇದ್ದ ಹಾಗೆ. ಟೈರ್ ಸವೆದರೆ ಯಾರೂ ಸೈಕಲ್ ಎಸೆಯಲ್ಲ. ಆ ಕಾಲದ ಪಾಲಿಯುರಿಥೇನ್ ಫೋಮ್ ಹತ್ತು ಹದಿನೈದು ವರ್ಷಕ್ಕೇ ಪುಡಿಯಾಗಲು ಶುರು ಮಾಡುತ್ತೆ. ಸ್ಪೀಕರ್ ಹಾಡಲಿ, ಸುಮ್ನೆ ಕೂರಲಿ, ವ್ಯತ್ಯಾಸ ಇಲ್ಲ. ಗಾಳಿಯ ತೇವವೇ ಅದನ್ನು ತಿನ್ನುತ್ತೆ. ಕೋನ್ (ಅಲುಗುವ ಕಾಗದದ ತಟ್ಟೆ), ಕಾಯಿಲ್ (ಅದರ ಹಿಂದಿನ ತಂತಿ ಸುರುಳಿ), ಅಯಸ್ಕಾಂತ ಚೆನ್ನಾಗಿದ್ದರೆ ಹೊಸ ಫೋಮ್ ಅಂಟಿಸಿದರೆ ಮುಗೀತು.

ಇನ್ನೊಂದು ಕಾರಣವೂ ಇದೆ. ಇದು ಪೂರ್ತಿ ಮುಚ್ಚಿದ ಪೆಟ್ಟಿಗೆ, ಎಲ್ಲೂ ತೂತಿಲ್ಲ. ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಥರ ಕೋನನ್ನು ಹಿಂದಕ್ಕೆ ತಳ್ಳಬೇಕು. ಅದಕ್ಕೇ ಆ ವೂಫರಿನ ಅಂಚು ಬಹಳ ಮೆತ್ತಗೆ ಇರುತ್ತೆ. ಅಂಗಡಿಯವರು ಹಾಕುವ ಬಿರುಸು ವೂಫರ್ ಈ ಪೆಟ್ಟಿಗೆಯೊಳಗೆ ಡಬ್ಬ ಬಡಿದ ಹಾಗೆ ಕೇಳುತ್ತೆ.

ಸೋಲ್ಡರ್ ಸುಬ್ಬ
ಇವತ್ತೇ ಎರಡು ಪರೀಕ್ಷೆ ಮಾಡಿ. ಮಲ್ಟಿಮೀಟರ್ ಓಮ್‌ಗೆ ಇಟ್ಟು ವೂಫರ್ ತಂತಿಗೆ ಹಿಡಿಯಿರಿ. ಎಂಟು ಓಮ್ ಸ್ಪೀಕರಿಗೆ ಆರರ ಆಸುಪಾಸು ತೋರಿಸಬೇಕು. ಆಮೇಲೆ ಒಂದೂವರೆ ವೋಲ್ಟಿನ ಪೆನ್‌ಟಾರ್ಚ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಟಕ್ ಅಂತ ಮುಂದೆ ಬರಬೇಕು. ಹಿಂದೆ ಹೋದರೆ ನೀವು ಪ್ಲಸ್ ಮೈನಸ್ ಉಲ್ಟಾ ಹಿಡಿದಿದ್ದೀರಿ ಅಂತ. ಕರ್ ಅಂದರೆ ಕಾಯಿಲ್ ಉಜ್ಜುತ್ತಿದೆ.

ಕುಂದಾಪ್ರದವ
ಮಾರಾಯ್ರೆ, ಮೈಸೂರಲ್ಲಿ ಇಟ್ಟಿದ್ದಕ್ಕೆ ಇಷ್ಟಾದರೂ ಉಳಿದಿದೆ. ನಮ್ಮ ಮಾವ ಕುವೈತಿನಿಂದ ತಂದ ಸ್ಪೀಕರಿನ ಕೋನಿನ ಮೇಲೆ ಮಳೆಗಾಲದಲ್ಲಿ ಬಿಳಿ ಬೂಷ್ಟು ಬಂದಿತ್ತು, ಉಪ್ಪಿನಕಾಯಿ ಭರಣಿ ಮೇಲೆ ಬರುತ್ತಲ್ಲ ಹಾಗೆ. ಫೋಮ್ ಬದಲು ಮಾಡುವಾಗ ರಬ್ಬರ್ ಅಂಚು ಹಾಕಿಸಿಬಿಡಿ, ಜನ್ಮ ಪೂರ್ತಿ ಬರುತ್ತೆ.

ಹಳೇ ವಾಲ್ವ್
ನಿಮ್ಮ ಊರಿಗೆ ಸರಿ, ಈ ಸ್ಪೀಕರಿಗೆ ಬೇಡ. ರಬ್ಬರ್ ತೂಕ ಜಾಸ್ತಿ, ಬಿಗಿಯೂ ಜಾಸ್ತಿ. ಫೋಮಿಗೆ ಅಂತ ಮಾಡಿದ ಕೋನಿಗೆ ರಬ್ಬರ್ ಹಾಕಿದರೆ ಅದರ ಗುಣವೇ ಬದಲಾಗುತ್ತೆ. ಹೊಸ ಫೋಮ್ ಇನ್ನು ಹದಿನೈದು ವರ್ಷ ಬರಲಿ ಸಾಕು. ಆಮೇಲೆ ಕೊಂಡವರ ಪಾಡು.

ಎಸ್.ಪಿ. ರೋಡ್ ಶೀನ
ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 12 ಇಂಚಿನ ಫೋಮ್ ರಿಂಗ್ ಸಿಗುತ್ತೆ ಬ್ರೋ, ಎರಡು ತಗೊಂಡು ಹೋಗಿ.

ಹಳೇ ವಾಲ್ವ್
ನಿಲ್ಲಿ ನಿಲ್ಲಿ! ಇಲ್ಲೇ ಎಲ್ಲರೂ ಎಡವೋದು. ಹಳೇ ಮಾದರಿಯ ದೊಡ್ಡ ಅಡ್ವೆಂಟಿನಲ್ಲಿ ವೂಫರ್ ಸುತ್ತ ಮೇಸನೈಟ್ ಅನ್ನೋ ಒತ್ತಿದ ಹಲಗೆಯ ಕಂದು ಬಳೆ ಇರುತ್ತೆ. ದೂರದಿಂದ ನೋಡಿದರೆ 12 ಇಂಚು ಅನ್ನಿಸುತ್ತೆ. ಒಳಗಿನ ವೂಫರ್ ನಿಜವಾಗಿ 10 ಇಂಚಿನದು. ಆಮೇಲೆ ಬಂದ ಮಾದರಿಯಲ್ಲಿ ಆ ಬಳೆ ಇಲ್ಲ. ಸರಸ್ವತಿಪುರಂ ಅವರೇ, ನಿಮ್ಮದರಲ್ಲಿ ಬಳೆ ಇದೆಯಾ?

ಸರಸ್ವತಿಪುರಂ ಹುಡುಗ
ಇದೆ ಸರ್! ಅದನ್ನ ನೋಡಿ ಯಾರೋ ಹಿಂದೆ ರಿಪೇರಿ ಮಾಡಿ ಹಲಗೆ ಹೊಡೆದಿದ್ದಾರೆ ಅಂದ್ಕೊಂಡಿದ್ದೆ. ಓಮ್ ಎರಡಕ್ಕೂ ಆರರ ಹತ್ತಿರ ಬಂತು. ಸೆಲ್ ಇಟ್ಟರೆ ಎರಡೂ ಮುಂದೆ ಬರುತ್ತೆ, ಕರಕರ ಇಲ್ಲ.

ಹಳೇ ವಾಲ್ವ್
ಹಾಗಾದರೆ ನಿಮ್ಮದು ಮೊದಲ ಮಾದರಿ. ಮಾರುವವರಿಗೆ ಹೇಳುವಾಗ ಬಳೆ ಇರುವ ಮಾದರಿಯ ಫೋಮ್ ಬೇಕು ಅಂತ ಬಿಡಿಸಿ ಹೇಳಿ. ಕೋನಿನ ಅಗಲ ಅಳೆದು ಕಳಿಸಿ. ಫೋಮಿನ ಒಳ ಅಂಚು ಕೋನಿನ ಇಳಿಜಾರಿಗೆ ಕೂರಬೇಕು. ಚಪ್ಪಟೆ ಅಂಚಿನದು ಬಂದರೆ ವಾಪಸ್ ಕಳಿಸಿ.

ಬಾಸ್ಟನ್ ಕನ್ನಡತಿ
ಈ ಮಾತುಕತೆ ನೋಡಿ ಖುಷಿಯಾಯ್ತು. ಅಡ್ವೆಂಟ್ ಬಾಸ್ಟನ್ನಿನದಲ್ಲ, ನದಿ ಆಚೆಯ ಕೇಂಬ್ರಿಡ್ಜಿನದು. ಹೆನ್ರಿ ಕ್ಲಾಸ್ ಅನ್ನುವವರು 1967ರಲ್ಲಿ ಶುರು ಮಾಡಿದ ಕಂಪನಿ. ಅದಕ್ಕೂ ಮೊದಲು 1954ರಲ್ಲಿ ಎಡ್ಗರ್ ವಿಲ್ಚರ್ ಜೊತೆ ಅಕೌಸ್ಟಿಕ್ ರಿಸರ್ಚ್, 1957ರಲ್ಲಿ ಕೆ.ಎಲ್.ಎಚ್. ಒಬ್ಬನೇ ಮನುಷ್ಯ, ಒಂದೇ ಊರು, ಮೂರು ಕಂಪನಿ. ಗಾಳಿಯನ್ನೇ ಸ್ಪ್ರಿಂಗ್ ಮಾಡುವ ಆ ಉಪಾಯ ಮಾತ್ರ ವಿಲ್ಚರ್ ಅವರದು.

ಇಲ್ಲಿ 1970ರ ದಶಕದ ಕಾಲೇಜು ಹುಡುಗರ ಕೋಣೆಗಳಲ್ಲಿ ಇದು ಇದ್ದೇ ಇರುತ್ತಿತ್ತಂತೆ. ದುಡ್ಡಿದ್ದವರು ಎರಡು ಜೋಡಿ ತಂದು ಒಂದರ ಮೇಲೊಂದು ತಲೆಕೆಳಗಾಗಿ ಪೇರಿಸುತ್ತಿದ್ದರು. ನಮ್ಮ ಬೀದಿಯಲ್ಲೇ ಒಬ್ಬರು ಹೋದ ವರ್ಷ ಒಂದು ಜೋಡಿಯನ್ನು ಕಸದ ದಿನ ರಸ್ತೆ ಬದಿಗೆ ಇಟ್ಟಿದ್ದರು. ನಾನು ಕಾರು ತಿರುಗಿಸಿ ಬರುವಷ್ಟರಲ್ಲಿ ಮಾಯ.

ಸೋಲ್ಡರ್ ಸುಬ್ಬ
ಅಯ್ಯೋ, ಹೊಟ್ಟೆ ಉರಿಸಬೇಡಿ.

ಲಂಡನ್ ಲಿಂಗಪ್ಪ
ತಪ್ಪು ತಿಳಿಯಬೇಡಿ, ಇವೆಲ್ಲ ಪಾರ್ಟಿ ಸ್ಪೀಕರ್. ಮನುಷ್ಯರ ಗಂಟಲು ಸರಿಯಾಗಿ ಕೇಳಬೇಕು ಅಂದರೆ ಬಿಬಿಸಿಯ ಎಲ್.ಎಸ್. 3/5ಎ ಅನ್ನೋ ಸ್ಪೀಕರ್ ಕೇಳಬೇಕು. ಕೆಫ್ ಕಂಪನಿಯ ವೂಫರ್, ಕೆಫ್‌ನ ಟ್ವೀಟರ್. ಅಂಚು ರಬ್ಬರಿನದು, ಇವತ್ತಿಗೂ ಗಟ್ಟಿ.

ಧಾರವಾಡದ ಡಗ್ಗಾ
ಲಿಂಗಪ್ಪನವರ, ನಿಮ್ಮ 3/5ಎ ಬಿಬಿಸಿಯವರು ವ್ಯಾನಿನೊಳಗ ಇಡಾಕ ಮಾಡಿದ್ದು. ಗಂಟಲು ಭಾಳ ಛಲೋ, ಒಪ್ಪಿದೆ. ಆದ್ರ ತಬಲಾದ ಜೋಡಿ ಡಗ್ಗಾದ ಮ್ಯಾಲೆ ಅಂಗೈ ಒತ್ತಿ ಎಳೆದ್ರ ಆ ಗುಂ ಅನ್ನೋದು ಆ ಸಣ್ಣ ಡಬ್ಬಿಯೊಳಗ ಎಲ್ಲಿಂದ ಬರಬೇಕು? ಬೂಟಿನ ಪೆಟ್ಟಿಗೆಗಿಂತ ಒಂಚೂರು ದೊಡ್ಡದು ಐತಿ ಅಷ್ಟ.

ಲಂಡನ್ ಲಿಂಗಪ್ಪ
ಡಗ್ಗಾಕ್ಕೆ ಬೇರೆ ಸ್ಪೀಕರ್ ಇಟ್ಟುಕೊಂಡಿದ್ದೇನೆ ಸ್ವಾಮಿ.

ಧಾರವಾಡದ ಡಗ್ಗಾ
ಹಂಗಾದ್ರ ನಾ ಗೆದ್ದೆ.

ಸರಸ್ವತಿಪುರಂ ಹುಡುಗ
ಫೋಮ್ ಆರ್ಡರ್ ಮಾಡಿದೆ. ಅಂಟು ಯಾವುದು?

ಎಸ್.ಪಿ. ರೋಡ್ ಶೀನ
ಕ್ಷಣದಲ್ಲಿ ಹಿಡಿಯೋ ಅಂಟು ಹಾಕಿ, ಐದು ನಿಮಿಷದ ಕೆಲಸ.

ಸೋಲ್ಡರ್ ಸುಬ್ಬ
ಶೀನ, ನೀನು ಇನ್ನು ಸ್ವಲ್ಪ ಹೊತ್ತು ಸುಮ್ನಿರು. ಅದು ಒಣಗಿದರೆ ಗಾಜಿನ ಹಾಗೆ ಬಿರುಸು, ಫೋಮ್ ಅಲ್ಲೇ ಹರಿಯುತ್ತೆ. ಚಪ್ಪಲಿ ಅಂಟಿಸುವ ರಬ್ಬರ್ ಅಂಟೂ ಹೊಸಬರಿಗೆ ಬೇಡ, ಒಂದು ಸಲ ತಾಗಿದರೆ ಸರಿಸೋಕೆ ಬಿಡಲ್ಲ. ಬಿಳಿ ಫೆವಿಕಾಲ್ ಸಾಕು. ಒಣಗೋಕೆ ಸಮಯ ಕೊಡುತ್ತೆ, ಅಷ್ಟರಲ್ಲಿ ಕೋನ್ ನಡುವಿಗೆ ತರಬಹುದು.

ಮೊದಲು ಕೋನಿಗೆ ಅಂಟಿಸಿ, ಒಂದು ರಾತ್ರಿ ಬಿಡಿ. ಮರುದಿನ ಹೊರ ಅಂಚು. ಹೊರ ಅಂಚಿಗೆ ಅಂಟು ಹಚ್ಚಿದ ಮೇಲೆ ಆಂಪ್ಲಿಫೈಯರ್‌ನಿಂದ 30 ಹರ್ಟ್ಸ್ ಸದ್ದು (ಸೆಕೆಂಡಿಗೆ 30 ಸಲ ಅಲುಗುವ ತಗ್ಗು ಸದ್ದು) ಬಹಳ ಮೆಲ್ಲಗೆ ಕೊಡಿ. ಕೋನ್ ಹಿಂದೆ ಮುಂದೆ ಆಡುತ್ತಾ ತಾನೇ ನಡುವಿಗೆ ಬರುತ್ತೆ. ಉಜ್ಜುವ ಸದ್ದು ಬಂದರೆ ಅಂಚನ್ನು ಬೆರಳಿನಿಂದ ಸ್ವಲ್ಪ ಸರಿಸಿ.

ಹಳೇ ವಾಲ್ವ್
ನಾನು ಕೋನಿನ ನಡುವಿನ ಟೊಪ್ಪಿ ಕೊಯ್ದು, ಕಾಯಿಲ್ ಸುತ್ತ ಹಳೇ ಓಎಚ್‌ಪಿ ಶೀಟಿನ (ತೆಳು ಪಾರದರ್ಶಕ ಪ್ಲಾಸ್ಟಿಕ್) ಪಟ್ಟಿ ಸಿಕ್ಕಿಸಿ ಕೂರಿಸುತ್ತೇನೆ. ಅದು ಖಂಡಿತ ನಡುವಿಗೇ ಕೂರುತ್ತೆ.

ಸೋಲ್ಡರ್ ಸುಬ್ಬ
ಕೊಯ್ದ ಟೊಪ್ಪಿಯ ಗುರುತು ಕಾಣುತ್ತೆ, ಕೊಳ್ಳುವವರು ಮೂಗು ಮುರೀತಾರೆ. ಸದ್ದಿನಿಂದಲೇ ಆಗುವಾಗ ಕತ್ತರಿ ಯಾಕೆ?

ಹಳೇ ವಾಲ್ವ್
ಮೂವತ್ತು ವರ್ಷದಿಂದ ಕೊಯ್ಯುತ್ತಿದ್ದೇನೆ, ಒಬ್ಬರೂ ಮೂಗು ಮುರಿದಿಲ್ಲ.

ಕುಂದಾಪ್ರದವ
ನಿಮ್ಮ ಎದುರಿಗೆ ಯಾರು ಮುರೀತಾರೆ ಮಾರಾಯ್ರೆ.

ಸರಸ್ವತಿಪುರಂ ಹುಡುಗ
ವರದಿ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಎದ್ದಿದ್ದು ನಾಲ್ಕು ಗಂಟೆಗೆ. ಹಳೇ ಅಂಟು ತೆಗೆಯೋದೇ ದೊಡ್ಡ ಕೆಲಸ, ಹೊಸದು ಹಚ್ಚೋದು ಏನೂ ಅಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ, ಒಂದೊಂದು ಇಂಚು ನೆನೆಸಿ, ಊಟದ ಚಮಚದ ಹಿಂಬದಿಯಿಂದ ಉಜ್ಜಿ ತೆಗೆದೆ. ಕೋನಿನ ಕಾಗದ ಒದ್ದೆಯಾದರೆ ಎದೆ ಢವಢವ. ವೂಫರ್ ಎತ್ತಿದಾಗ ಒಳಗೆ ಹಳದಿ ಗಾಜಿನ ಹತ್ತಿ ತುಂಬಿತ್ತು, ಬರಿಗೈ ಹಾಕಿದೆ. ಎರಡು ದಿನ ಮೊಣಕೈವರೆಗೂ ನವೆ. ಯಾರೂ ಹೇಳಲಿಲ್ಲ!

30 ಹರ್ಟ್ಸ್ ಕೊಟ್ಟಾಗ ಕೋನ್ ಉಸಿರಾಡುವ ಹಾಗೆ ಆಡಿತು. ಸದ್ದೇ ಇಲ್ಲ, ಬರೀ ಆಟ. ಬಲಗಡೆಯದು ಒಂದು ಮೂಲೆಯಲ್ಲಿ ಸಣ್ಣಗೆ ಕಿರ್ ಅಂದಿತು. ಬೆರಳಿನಲ್ಲಿ ಒಂದು ಎಳ್ಳಿನಷ್ಟು ಸರಿಸಿದೆ, ನಿಂತಿತು. ಬಟ್ಟೆ ಕ್ಲಿಪ್ ಹಾಕಿ ಬಿಟ್ಟೆ.

ಟ್ವೀಟರ್ ಕಥೆ ಕೇಳಿ. ಸುಟ್ಟಿದೆ ಅಂತ ಹೊಸದು ಹುಡುಕುತ್ತಿದ್ದೆ. ಹಿಂದುಗಡೆ ಮೂರು ಹಂತದ ಸಣ್ಣ ಸ್ವಿಚ್ ಇದೆ. ಅದನ್ನು ನಾಲ್ಕು ಸಲ ಆ ಕಡೆ ಈ ಕಡೆ ಮಾಡಿದೆ, ಅಷ್ಟೇ. ಹಾಡಿತು!

ಸೋಲ್ಡರ್ ಸುಬ್ಬ
ಒಳಗಿನ ಲೋಹಕ್ಕೆ ಕಿಲುಬು ಹಿಡಿದಿರುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆಡಿಸಿ, ಇಲ್ಲದಿದ್ದರೆ ತಿಂಗಳಲ್ಲಿ ಮತ್ತೆ ಮೂಕ. ಅಕೌಸ್ಟಿಕ್ ರಿಸರ್ಚ್‌ನ ಹಳೇ ಸ್ಪೀಕರಿನಲ್ಲೂ ಇದೇ ರೋಗ, ಅಲ್ಲಿ ತಿರುಗಿಸುವ ಗುಂಡಿಗೆ. ಎಷ್ಟೋ ಒಳ್ಳೇ ಟ್ವೀಟರುಗಳನ್ನು ಜನ ಸತ್ತಿದೆ ಅಂತ ಎಸೆದಿದ್ದಾರೆ.

ಈಗ ಕೆಪಾಸಿಟರ್ ನೋಡಿ. ಕ್ರಾಸ್‌ಓವರಿನಲ್ಲಿ (ಸದ್ದನ್ನು ವೂಫರಿಗೆ, ಟ್ವೀಟರಿಗೆ ಹಂಚುವ ಸರ್ಕ್ಯೂಟ್) ಇರೋದು ಪ್ಲಸ್ ಮೈನಸ್ ಇಲ್ಲದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಇಷ್ಟು ವರ್ಷಕ್ಕೆ ಒಣಗಿ ಅಳತೆ ತಪ್ಪಿರುತ್ತೆ. ಮೂಲದ ಅಳತೆಯದೇ ಹೊಸದು ಹಾಕಿ.

ಮಂಡ್ಯದ ಮೈಕ್‌ಸೆಟ್
ಹುಷಾರು ಗುರು. ನನ್ನ ಸ್ಪೀಕರಿಗೆ ಒಂದು ಅಂಗಡಿಯಲ್ಲಿ ಮಾಮೂಲಿ ಪ್ಲಸ್ ಮೈನಸ್ ಇರೋ ಕೆಪಾಸಿಟರ್ ಹಾಕಿಕೊಟ್ಟಿದ್ದರು. ಮೂರನೇ ವಾರ ನೆಂಟರೆಲ್ಲ ಕೂತಿದ್ದಾಗ ಫಟ್ ಅಂತು. ಮೀನು ಕೆಟ್ಟ ವಾಸನೆ. ಅತ್ತೆ ಅಡುಗೆಮನೆಗೆ ಓಡಿದರು.

ಸೋಲ್ಡರ್ ಸುಬ್ಬ
ಮಾಮೂಲಿಯದೇ ಸಿಗೋದಾದರೆ ಎರಡು ತಗೊಂಡು ಮೈನಸ್ಸಿಗೆ ಮೈನಸ್ ಸೇರಿಸಿ. ಅಳತೆ ಅರ್ಧ ಆಗುತ್ತೆ ಅನ್ನೋದು ನೆನಪಿರಲಿ. ಎರಡು 22 ಮೈಕ್ರೊಫ್ಯಾರಡ್ ಸೇರಿದರೆ 11. ಆದರೆ ಮಾರುವ ಸ್ಪೀಕರಿಗೆ ಈ ಜುಗಾಡ್ ಬೇಡ.

ಲಂಡನ್ ಲಿಂಗಪ್ಪ
ಮಾರೋದಾದರೆ ಕೆಪಾಸಿಟರ್ ಮುಟ್ಟಲೇಬೇಡಿ. ಸಂಗ್ರಹ ಮಾಡುವವರಿಗೆ ಮೂಲದ್ದೇ ಬೇಕು.

ಹಳೇ ವಾಲ್ವ್
ಅರ್ಧ ಒಪ್ಪುತ್ತೇನೆ. ಕೆಟ್ಟಿರುವುದನ್ನು ಬದಲಾಯಿಸಿ, ತೆಗೆದ ಹಳೇದನ್ನು ಒಂದು ಪೊಟ್ಟಣ ಕಟ್ಟಿ ಸ್ಪೀಕರಿನ ಜೊತೆ ಕೊಡಿ. ಕೊಂಡವರಿಗೆ ಬೇಕಾದರೆ ವಾಪಸ್ ಹಾಕಿಕೊಳ್ಳಲಿ. ಮುಚ್ಚಿಟ್ಟರೆ ತಪ್ಪು, ಹೇಳಿ ಮಾಡಿದರೆ ತಪ್ಪಿಲ್ಲ.

ಸರಸ್ವತಿಪುರಂ ಹುಡುಗ
ಅಳೆಸಿದೆ. ಒಂದು ಪೆಟ್ಟಿಗೆಯದು ಬಹಳ ದಾರಿ ತಪ್ಪಿತ್ತು, ಇನ್ನೊಂದರದು ಪರವಾಗಿಲ್ಲ. ಎರಡೂ ಕಡೆ ಬದಲಾಯಿಸಿದೆ, ಹಳೇದು ಪೊಟ್ಟಣದಲ್ಲಿದೆ. ಈಗ ಆ ಮನಿ ಪ್ಲಾಂಟ್ ಬಳೆಗೆ ಮದ್ದು ಹೇಳಿ. ಮಿಷಿನ್ ಹಾಕಿ ಉಜ್ಜಿಸಿಬಿಡಲಾ?

ಬಡಗಿ ಬಸವ
ಮಿಷಿನ್ ಬೇಡ ಸರ್! ಅದು ಮರದ ಗಟ್ಟಿ ಹಲಗೆ ಅಲ್ಲ, ಮೇಲೆ ಹೊದಿಸಿದ ತೆಳು ವೆನೀರ್. ಎರಡು ಸುತ್ತು ಜಾಸ್ತಿ ಉಜ್ಜಿದರೆ ಕೆಳಗಿನ ಬಣ್ಣ ಕಾಣುತ್ತೆ, ಆಮೇಲೆ ದೇವರೇ ಬಂದರೂ ಆಗಲ್ಲ.

ನೀರಿನ ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಪುಡಿ. ಬಿಸಿನೀರಲ್ಲಿ ಕರಗಿಸಿ, ಕಲೆಗೆ ಮಾತ್ರ ಅಲ್ಲ, ಇಡೀ ಮೇಲ್ಭಾಗಕ್ಕೆ ಬ್ರಷ್‌ನಲ್ಲಿ ಹಚ್ಚಿ. ಇಲ್ಲದಿದ್ದರೆ ಕಪ್ಪು ಬಳೆ ಹೋಗಿ ಬಿಳಿ ಬಳೆ ಬರುತ್ತೆ. ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ವಿಷ ಅದು, ಗ್ಲೌಸ್ ಹಾಕಿ, ಪುಡಿ ಮೂಗಿಗೆ ಹೋಗಬಾರದು. ಮರುದಿನ ಲಿನ್‌ಸೀಡ್ ಆಯಿಲ್ ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ.

ಒಂದು ಮಾತು ಗಮನದಲ್ಲಿಡಿ. ಎಣ್ಣೆ ಒರೆಸಿದ ಬಟ್ಟೆ ಮುದುಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತೆ. ಬಿಡಿಸಿ ಹಗ್ಗದ ಮೇಲೆ ಒಣಗಿಸಿ, ಇಲ್ಲಾ ನೀರಲ್ಲಿ ಅದ್ದಿಡಿ.

ಎಸ್.ಪಿ. ರೋಡ್ ಶೀನ
ತಾನಾಗೇ ಬೆಂಕಿನಾ? ಸುಮ್ನೆ ಹೆದರಿಸ್ತೀರಾ?

ಬಡಗಿ ಬಸವ
ನಮ್ಮ ವರ್ಕ್‌ಶಾಪಿನ ಗೋಡೆ ಮೇಲೆ ಇನ್ನೂ ಮಸಿ ಇದೆ, ಬಂದು ನೋಡಿ.

ಸರಸ್ವತಿಪುರಂ ಹುಡುಗ
ಬಳೆ ತೊಂಬತ್ತು ಭಾಗ ಹೋಯಿತು. ಎಣ್ಣೆ ಬಿದ್ದ ಕೂಡಲೇ ಮರದ ಗೆರೆಗಳೆಲ್ಲ ಎದ್ದು ಬಂದವು. ದೊಡ್ಡಮ್ಮ ಬಂದು ನೋಡಿ, "ಇದು ಇಷ್ಟು ಚೆನ್ನಾಗಿತ್ತಾ?" ಅಂದರು. ಕುಂಡ ಇಟ್ಟಿದ್ದರ ಬಗ್ಗೆ ಒಂದು ಮಾತೂ ಇಲ್ಲ.

ಈಗ ಬೆಲೆ ಎಷ್ಟು ಹೇಳಲಿ?

ಗುಜರಿ ಗುಂಡ
9,000. ಕೊನೇ ಮಾತು.

ಹಳೇ ವಾಲ್ವ್
ಮಾರುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ. ವೂಫರ್ ಕೋನನ್ನು ನಾಲ್ಕು ಬೆರಳಲ್ಲಿ ಸಮವಾಗಿ ಒಳಗೆ ಒತ್ತಿ ಬಿಡಿ. ನಿಧಾನಕ್ಕೆ, ಸೋಮಾರಿ ಥರ ವಾಪಸ್ ಬರಬೇಕು. ಟಪ್ ಅಂತ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ವೂಫರ್ ಕೂರುವ ಜಾಗದಲ್ಲಿ ಸಂದು ಮುಚ್ಚಿರುವ ಹಳೇ ಪುಟ್ಟಿ ತೆಗೆದು ಹೊಸದು ಹಾಕಿ.

ಸರಸ್ವತಿಪುರಂ ಹುಡುಗ
ಒಂದು ಟಪ್ ಅಂತು. ಸ್ಕ್ರೂ ಬಿಚ್ಚಿ ಪುಟ್ಟಿ ಹಾಕಿದೆ. ಈಗ ಎರಡೂ ಸೋಮಾರಿ.

ಸೋಲ್ಡರ್ ಸುಬ್ಬ
ಅದನ್ನೇ ವಿಡಿಯೊ ಮಾಡಿ ಹಾಕಿ. ಗೊತ್ತಿರುವವರಿಗೆ ಅಷ್ಟು ಸಾಕು. ಅಂಟಿನ ಗೆರೆ, ಕುಂಡದ ಕಲೆಯ ಗುರುತು, ಕೆಪಾಸಿಟರ್ ಪೊಟ್ಟಣ, ಎಲ್ಲದರ ಫೋಟೋ ಹಾಕಿ. 35,000 ಅಂತ ಹೇಳಿ, 30ಕ್ಕಿಂತ ಕೆಳಗೆ ಇಳಿಯಬೇಡಿ. ಕೊರಿಯರ್ ಮಾತ್ರ ಬೇಡ. ಒಂದೊಂದು ಹತ್ತಿರ ಹತ್ತಿರ 20 ಕೆ.ಜಿ., ಎಸೆದರೆ ಅಯಸ್ಕಾಂತ ಕದಲಿ ಕಾಯಿಲ್ ಸಿಕ್ಕಿಹಾಕಿಕೊಳ್ಳುತ್ತೆ.

ಮಂಡ್ಯದ ಮೈಕ್‌ಸೆಟ್
ಆ್ಯಪಿನಲ್ಲಿ "ನಾನು ಮಿಲಿಟರಿಯಲ್ಲಿದ್ದೀನಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅಂತ ಒಬ್ಬ ಬರ್ತಾನೆ. ದುಡ್ಡು ಬರೋಕೆ ಪಿನ್ ಹಾಕೋ ಹಾಗೇ ಇಲ್ಲ. ಪಿನ್ ಕೇಳಿದರೆ ಹೋಗೋದು ನಿಮ್ಮ ದುಡ್ಡೇ.

ಸರಸ್ವತಿಪುರಂ ಹುಡುಗ
ಬಂದ! ಎರಡನೇ ದಿನವೇ ಬಂದ. "ಪಿನ್ ಯಾಕೆ ಸರ್?" ಅಂದೆ, ಬ್ಲಾಕ್ ಮಾಡಿಕೊಂಡ.

ಧಾರವಾಡದ ಡಗ್ಗಾ
ತಮ್ಮಾ, ನಾ ಇಷ್ಟೊತ್ತು ಸುಮ್ನ ಓದಕೋತ ಕೂತಿದ್ದೆ. ರವಿವಾರ ಕಾರ್ ತಗೊಂಡು ಬರ್ತೀನಿ. ನನ್ನ ಸಿ.ಡಿ. ಹಚ್ಚಿ ಕೇಳ್ತೀನಿ, ಮನಸ್ಸಿಗೆ ಬಂದ್ರ ಎತ್ಕೊಂಡು ಹೋಗ್ತೀನಿ. ಮೂಲದ ರಟ್ಟಿನ ಪೆಟ್ಟಿಗೆ ಐತೇನು? ಇದ್ರ ಸಾವಿರ ಜಾಸ್ತಿ ಕೊಡ್ತೀನಿ.

ಸರಸ್ವತಿಪುರಂ ಹುಡುಗ
ಬನ್ನಿ ಸರ್, ಊಟಕ್ಕೇ ಬನ್ನಿ. ರಟ್ಟಿನ ಪೆಟ್ಟಿಗೆ ಎರಡೂ ಅಟ್ಟದ ಮೇಲೆ ಇವೆ, ಅಡ್ವೆಂಟ್ ಅಂತ ದೊಡ್ಡದಾಗಿ ಬರೆದಿದೆ. ಆದರೆ ಅದರಲ್ಲಿ ದೊಡ್ಡಮ್ಮನ ದಸರಾ ಗೊಂಬೆಗಳಿವೆ. 1981ರಿಂದ ಅಲ್ಲೇ ಇವೆ.

ಬಾಸ್ಟನ್ ಕನ್ನಡತಿ
ಆ ಪೆಟ್ಟಿಗೆಗಳ ಫೋಟೋ ಹಾಕಿ, ದಯವಿಟ್ಟು!

ಸರಸ್ವತಿಪುರಂ ಹುಡುಗ
ಮಾರಾಟ ಆಯಿತು. 34,000. ಖರ್ಚು: ಫೋಮ್ 2,200, ಕೆಪಾಸಿಟರ್ 900, ಅಂಟು, ಎಣ್ಣೆ, ಪುಡಿ ಎಲ್ಲ ಸೇರಿ 350. ನವೆಗೆ ಹಚ್ಚಿದ ಕ್ರೀಮ್ ಲೆಕ್ಕಕ್ಕಿಲ್ಲ.

ಡಗ್ಗಾ ಸರ್ ಬಂದವರು ಮೊದಲು ಮಾತೇ ಆಡಲಿಲ್ಲ. ಕೋನ್ ಒತ್ತಿ ಬಿಟ್ಟರು, ಎರಡಕ್ಕೂ. ಕಿವಿ ಹತ್ತಿರ ಇಟ್ಟು ಟ್ವೀಟರ್ ಕೇಳಿದರು. ಆಮೇಲೆ ತಬಲಾದ ಸಿ.ಡಿ. ಹಾಕಿ ಕಣ್ಣು ಮುಚ್ಚಿ ಕೂತರು. ಡಗ್ಗಾ ಗುಂ ಅಂದಾಗ ಕಿಟಕಿಯ ಕೊಂಡಿ ಕಟಕಟ ಅಂತು. ಅಡುಗೆಮನೆಯಿಂದ ದೊಡ್ಡಮ್ಮ ಹೊರಗೆ ಬಂದು ಬಾಗಿಲ ಹತ್ತಿರ ನಿಂತರು. ದೊಡ್ಡಪ್ಪ ಇದ್ದಾಗ ಆ ಕೊಂಡಿಗೆ ಕಾಗದ ಮಡಿಸಿ ಸಿಕ್ಕಿಸುತ್ತಿದ್ದರಂತೆ. ಹೋಗಿ ಒಂದು ಕಾಗದ ಮಡಿಸಿ ಸಿಕ್ಕಿಸಿ ಬಂದರು.

ಧಾರವಾಡದ ಡಗ್ಗಾ
ಮನಿ ಮುಟ್ಟೀನಿ. ಹಿಂದಿನ ಸೀಟಿನ್ಯಾಗ ಎರಡು ದುಪ್ಪಟಿ ಸುತ್ತಿ, ಬೆಲ್ಟ್ ಹಾಕಿ, ಮಕ್ಕಳನ್ನ ಕೂಡಿಸಿಕೊಂಡು ಬಂದಂಗ ತಂದೆ. ದೊಡ್ಡಮ್ಮನವರ ಬಿಸಿಬೇಳೆಭಾತ್ ಭಾಳ ಛಲೋ ಇತ್ತು. ಮಂದಿ ಹೇಳೋದು ಬ್ಯಾರೆ, ಮಾಡಿದ ಕೆಲಸ ಇದ್ದಂಗ ಹೇಳಿ ಮಾರೋರು ಕಡಿಮಿ.

ಹಳೇ ವಾಲ್ವ್
ರಟ್ಟಿನ ಪೆಟ್ಟಿಗೆ ಸಿಕ್ಕಿತಾ?

ಧಾರವಾಡದ ಡಗ್ಗಾ
ಕೇಳಿದೆ. "ಈ ಸಲದ ದಸರಾ ಮುಗಿದ ಮೇಲೆ ಖಂಡಿತ ಕೊಡ್ತೀನಿ" ಅಂದ್ರು.

ಕುಂದಾಪ್ರದವ
ದಸರಾ ಮುಗಿದ ಮೇಲೆ ಗೊಂಬೆ ಎಲ್ಲಿ ಇಡ್ತಾರೆ ಮಾರಾಯ್ರೆ?

ಧಾರವಾಡದ ಡಗ್ಗಾ
ಅಯ್ಯ! ಅದು ನನಗ ಹುಬ್ಬಳ್ಳಿ ದಾಟಿದ ಮ್ಯಾಲ ಹೊಳೀತು ನೋಡ್ರಿ.